ಗ್ಯಾಸ್ ಸೋರಿದ ದಿನ ಬಸುರಿಯರ ಲೆಕ್ಕ ಯಾರ ಹತ್ತಿರ ಇರುತ್ತದೆ? ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಹರಿಹರದವಳು. ಸರ್ಕಾರಿ ಸಬ್‌ಸೆಂಟರ್‌ನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಬಸುರಿಯರ ಹೆಸರು ಬರೆದುಕೊಳ್ಳುವುದು, ಬಿಪಿ ನೋಡುವುದು, ಹೆರಿಗೆಗೆ ಕಳಿಸುವುದು, ಹುಟ್ಟಿದ ಮಗುವಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸವಾಗಿತ್ತು. ಆ ಕೆಲಸ ಮಾಡಿದ ಧೈರ್ಯದ ಮೇಲೆ ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ನಮ್ಮ ಜಿಲ್ಲೆಯಲ್ಲಿ ಎಲ್ಲಾದರೂ ವಿಷದ ರಾಸಾಯನಿಕ ಸೋರಿದರೆ, ಆ ಗಾಳಿ ಉಸಿರಾಡಿದ, ಆ ನೀರು ಕುಡಿದ ಬಸುರಿಯರು ಯಾರು ಯಾರು ಎಂದು ಮೂರು ದಿನದೊಳಗೆ ಬರೆದಿಡುವ ವ್ಯವಸ್ಥೆ ಆಗಬೇಕು. ಅವರಿಗೆ ಹುಟ್ಟುವ ಮಕ್ಕಳನ್ನು ಕೆಲವು ವರ್ಷ ನೋಡಿಕೊಳ್ಳಬೇಕು. ಇದಕ್ಕೆ ತಾವು ಈಗಲೇ ಒಂದು ಆದೇಶ ಹೊರಡಿಸಬೇಕು. ಅನಾಹುತ ಆದ ಮೇಲೆ ಆದೇಶ ಬಂದರೆ ಆ ಪಟ್ಟಿ ಸಿಗುವುದಿಲ್ಲ. ಅದು ಹೇಗೆ ಕೈ ತಪ್ಪುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು, ಮುಂದೆ ಹೇಳುತ್ತೇನೆ.

ಶಾಸಕರಿಗೆ, ಆರೋಗ್ಯ ಸಚಿವರಿಗೆ ಬರೆಯದೆ ತಮಗೇ ಬರೆಯಲು ಕಾರಣ ಇದೆ. ಭೋಪಾಲ್ ದುರಂತ ಆದ ಮೇಲೆ ನಮ್ಮ ದೇಶದಲ್ಲಿ ಒಂದರ ಹಿಂದೆ ಒಂದು ಕಾನೂನು ಬಂದವು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮಗಳು ಬಂದವು. ಅದರಲ್ಲಿ ಪ್ರತಿ ಜಿಲ್ಲೆಗೂ ಒಂದು ಬಿಕ್ಕಟ್ಟು ನಿರ್ವಹಣಾ ಸಮಿತಿ ಇರಬೇಕು, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು ಎಂದು ಬರೆದಿದೆ. ಆರೋಗ್ಯ ಇಲಾಖೆ, ಫ್ಯಾಕ್ಟರಿ ಇನ್‌ಸ್ಪೆಕ್ಟರ್, ಅಗ್ನಿಶಾಮಕ ದಳ, ಪೊಲೀಸ್, ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲರೂ ಆ ಸಮಿತಿಯಲ್ಲಿ ಕೂರುತ್ತಾರೆ. 45 ದಿನಕ್ಕೊಮ್ಮೆ ಸಭೆ ಸೇರಬೇಕು, ವರ್ಷಕ್ಕೊಮ್ಮೆ ದೊಡ್ಡ ಮಾಕ್ ಡ್ರಿಲ್ ಮಾಡಬೇಕು. ಅಂದರೆ ಈ ಕೆಲಸಕ್ಕೆ ಬೇಕಾದವರೆಲ್ಲ ತಮ್ಮ ಒಂದೇ ಮೇಜಿನ ಸುತ್ತ ಸಿಗುತ್ತಾರೆ. ಬೇರೆ ಯಾರಿಗೂ ಈ ಅನುಕೂಲ ಇಲ್ಲ.

"ನಮ್ಮದು ಭತ್ತ, ಮೆಕ್ಕೆಜೋಳ ಬೆಳೆಯುವ ಜಿಲ್ಲೆ, ಇಲ್ಲಿ ಭೋಪಾಲ್ ತರಹದ್ದು ಏನಾಗುತ್ತೆ" ಎನ್ನುವವರು ಇದ್ದಾರೆ. ಸ್ವಲ್ಪ ಸುತ್ತ ನೋಡಿದರೆ ಸಾಕು. ಪುಣೆ–ಬೆಂಗಳೂರು ಹೆದ್ದಾರಿ ಚಿತ್ರದುರ್ಗ, ದಾವಣಗೆರೆ, ಹರಿಹರದ ಪಕ್ಕದಲ್ಲೇ ಹೋಗುತ್ತದೆ. ಹಗಲು ರಾತ್ರಿ ಟ್ಯಾಂಕರ್ ಓಡುತ್ತವೆ. ಆಸಿಡ್, ಅಮೋನಿಯಾ, ಸಾಲ್ವೆಂಟ್ ಯಾವುದು ಬೇಕಾದರೂ ಅದರಲ್ಲಿ ಇರಬಹುದು. ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್ ಇರುವ ಕಡೆ ಅಮೋನಿಯಾ ಇರುತ್ತದೆ. ನೀರು ಶುದ್ಧ ಮಾಡುವ ಘಟಕಗಳಲ್ಲಿ ಕ್ಲೋರಿನ್ ಸಿಲಿಂಡರ್ ಬಳಸುತ್ತಾರೆ. ತುಂಗಭದ್ರೆಯ ಆಚೆ ದಡದಲ್ಲಿ, ಕುಮಾರಪಟ್ಟಣದಲ್ಲಿ, ಮರದ ತಿರುಳು ಮತ್ತು ವಿಸ್ಕೋಸ್ ನಾರಿನ ದೊಡ್ಡ ಕಾರ್ಖಾನೆಗಳಿವೆ. ವಿಸ್ಕೋಸ್ ನಾರು ಮಾಡಲು ಎಲ್ಲಿಯಾದರೂ ಕಾರ್ಬನ್ ಡೈಸಲ್ಫೈಡ್ ಎಂಬ ವಿಷದ ರಾಸಾಯನಿಕ ಬೇಕೇ ಬೇಕು. ನಾನು ಯಾವ ಕಾರ್ಖಾನೆಯ ಮೇಲೂ ದೂರು ಹೇಳುತ್ತಿಲ್ಲ. ಆ ಕಾರ್ಖಾನೆಗಳಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಏನಿದೆ, ಎಷ್ಟಿದೆ, ಸೋರಿದರೆ ಏನು ಮಾಡಬೇಕು ಅನ್ನೋದು ದಡದ ಎರಡೂ ಕಡೆಯವರಿಗೆ ಗೊತ್ತಿರಬೇಕಲ್ವಾ?

ಒಂದು ಘಟನೆ ಹೇಳುತ್ತೇನೆ. ಸಣ್ಣದೇ. ಪೇಪರ್‌ನಲ್ಲಿ ಕೂಡ ಬರಲಿಲ್ಲ.

ನಾನು ಕೆಲಸದಲ್ಲಿದ್ದಾಗ ಒಂದು ಬಡಾವಣೆಯ ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಪೈಪು ಒಡೆದು ಅಮೋನಿಯಾ ಸೋರಿತು. ಜನ ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಓಡಿ ಬಂದರು. ಒಂದು ಗಂಟೆಯೊಳಗೆ ವಾಲ್ವ್ ಬಂದ್ ಆಯಿತು. ಯಾರ ಪ್ರಾಣವೂ ಹೋಗಲಿಲ್ಲ. ಬೆಳಿಗ್ಗೆ ನಾನು ಹೋದಾಗ ಒಬ್ಬ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಮದುವೆಯಾಗಿ ಹೋದ ಹೊಸತು, ಎರಡು ತಿಂಗಳ ಬಸುರಿ. ಕಣ್ಣು ಕೆಂಪಗಿತ್ತು, ಗಂಟಲು ಕಟ್ಟಿತ್ತು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ.

"ಸಿಸ್ಟರ್, ಹೊಟ್ಟೆಯಲ್ಲಿರೋ ಕೂಸಿಗೆ ಏನಾದ್ರೂ ಆಗುತ್ತಾ?"

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಎದೆ ನೋಡಿದರು, ಕಣ್ಣಿಗೆ ಡ್ರಾಪ್ಸ್ ಬರೆದರು. ಕೂಸಿನ ವಿಷಯ ಕೇಳಿದ್ದಕ್ಕೆ "ಏನೂ ಆಗಲ್ಲ ಹೋಗಮ್ಮ" ಎಂದರು. ಅವಳ ಅತ್ತೆ ಹೊರಗೆ ಬಂದು, "ಇದನ್ನ ತೆಗೆಸಿಬಿಡೋಣ, ಹೆಚ್ಚುಕಮ್ಮಿ ಇರೋ ಮಗು ಹುಟ್ಟಿದ್ರೆ ಯಾರು ನೋಡ್ತಾರೆ" ಎಂದರು. ನಾನು ಬೇಡ ಎಂದು ತಡೆದೆ. ಅವಳ ತಾಯಿ ಕಾರ್ಡ್ ತೆಗೆದು ನೋಡಿದೆ. ತೂಕಕ್ಕೆ ಜಾಗ ಇದೆ, ಬಿಪಿಗೆ ಇದೆ, ಹಿಮೋಗ್ಲೋಬಿನ್, ಟಿಟಿ ಇಂಜೆಕ್ಷನ್, ಕಬ್ಬಿಣದ ಮಾತ್ರೆ ಎಲ್ಲಕ್ಕೂ ಜಾಗ ಇದೆ. ಗ್ಯಾಸ್ ಕುಡಿದಳು ಎಂದು ಬರೆಯಲು ಒಂದು ಗೆರೆಯೂ ಇಲ್ಲ. ಕಾರ್ಡಿನ ಅಂಚಿನಲ್ಲಿ ಪೆನ್ನಿನಿಂದ ತಾರೀಖು ಹಾಕಿ "ಅಮೋನಿಯಾ" ಎಂದು ಬರೆದೆ. ಮಗು ಆರೋಗ್ಯವಾಗಿಯೇ ಹುಟ್ಟಿತು. ಆದರೆ ಅಲ್ಲಿಯವರೆಗೆ ಆ ಹುಡುಗಿ ಒಂದು ರಾತ್ರಿಯೂ ನೆಮ್ಮದಿಯಿಂದ ಮಲಗಿದ್ದನ್ನು ನಾನು ಕೇಳಲಿಲ್ಲ. ಅದೇ ಬೀದಿಯಲ್ಲಿ ಆ ರಾತ್ರಿ ಇನ್ನೂ ಎಷ್ಟು ಬಸುರಿಯರಿದ್ದರು, ಅವರಿಗೆ ಏನಾಯಿತು, ಯಾರೂ ಕೇಳಲಿಲ್ಲ.

ಅವಳಿಗೆ ಕೊಡಬೇಕಿದ್ದ ಉತ್ತರ ಕಷ್ಟದ್ದೇನಲ್ಲ. ಅಮೋನಿಯಾ, ಕ್ಲೋರಿನ್ ಇವು ಮುಟ್ಟಿದ ಕಡೆ ಸುಡುವ ಗ್ಯಾಸುಗಳು. ಕಣ್ಣು, ಗಂಟಲು, ಶ್ವಾಸಕೋಶವನ್ನು ಹಾಳು ಮಾಡುತ್ತವೆ. ಅವು ನೇರವಾಗಿ ಮಗುವಿನ ಅಂಗಾಂಗ ಕೆಡಿಸುತ್ತವೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ತಾಯಿಗೆ ಉಸಿರು ಸಾಲದೇ ಹೋದರೆ ಮಗುವಿಗೂ ಆಮ್ಲಜನಕ ಸಾಲುವುದಿಲ್ಲ. ಹಾಗಾಗಿ ತಾಯಿಗೆ ಬೇಗ ಆಮ್ಲಜನಕ ಕೊಡುವುದೇ ಮಗುವಿಗೂ ಮದ್ದು. ಕಾರ್ಬನ್ ಮೊನಾಕ್ಸೈಡ್ ವಿಷಯ ಬೇರೆ. ಅದು ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲಿ ಜಾಸ್ತಿ ಸೇರುತ್ತದೆ, ನಿಧಾನವಾಗಿ ಬಿಟ್ಟು ಹೋಗುತ್ತದೆ. ತಾಯಿ ಎದ್ದು ಕೂತಳು ಎಂದು ಮಾಸ್ಕ್ ತೆಗೆದುಬಿಟ್ಟರೆ ಮಗುವಿಗೆ ಸಾಲುವುದಿಲ್ಲ, ಬಸುರಿಗೆ ಇನ್ನೂ ಜಾಸ್ತಿ ಹೊತ್ತು ಕೊಡಬೇಕು. ಸೀಸ, ಪಾದರಸ ಇವು ಮಾಸು (ಪ್ಲಾಸೆಂಟಾ) ದಾಟಿ ನೇರ ಮಗುವಿನ ಮಿದುಳಿಗೇ ಹೋಗುತ್ತವೆ. ಅಂದರೆ ಯಾವ ರಾಸಾಯನಿಕ ಸೋರಿತು ಎಂದು ಗೊತ್ತಿಲ್ಲದೆ ಡಾಕ್ಟರ್ ಕೂಡ ಸರಿಯಾದ ಮಾತು ಹೇಳಲು ಆಗುವುದಿಲ್ಲ.

ಇನ್ನೊಂದು, ಎಷ್ಟನೇ ವಾರ ಎನ್ನುವುದು. ಗರ್ಭ ಕಟ್ಟಿದ ಮೂರನೇ ವಾರದಿಂದ ಎಂಟನೇ ವಾರದವರೆಗೆ ಮಗುವಿನ ಅಂಗಗಳು ಮೂಡುತ್ತವೆ. 28 ದಿನದ ಹೊತ್ತಿಗೆ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಹೃದಯದ ಕೋಣೆಗಳು, ಕೈಕಾಲು, ಮೇಲ್ದುಟಿ ಎಲ್ಲ ಆ ಕೆಲವೇ ವಾರಗಳಲ್ಲಿ ಆಗಬೇಕು. ಥಾಲಿಡೊಮೈಡ್ ಮಾತ್ರೆಯಿಂದ 1950ರ ದಶಕದ ಕೊನೆಯಲ್ಲಿ, 60ರ ಆರಂಭದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿಯಿಲ್ಲದೆ ಹುಟ್ಟಿದ್ದು ಇದೇ ವಾರಗಳಲ್ಲಿ ತಾಯಂದಿರು ಅದನ್ನು ನುಂಗಿದ್ದರಿಂದ. ಮಿದುಳಿನ ಬೆಳವಣಿಗೆಯಂತೂ ಒಂಬತ್ತು ತಿಂಗಳೂ ನಡೆಯುತ್ತಲೇ ಇರುತ್ತದೆ. ಹಾಗಾಗಿ ತುಂಬು ಬಸುರಿಗೆ ಅಪಾಯ ಇಲ್ಲ ಎಂದೂ ಹೇಳಲು ಬರುವುದಿಲ್ಲ.

ಈಗ ಭೋಪಾಲ್ ವಿಷಯಕ್ಕೆ ಬರುತ್ತೇನೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಸೋರಿತು. ಸತ್ತವರ ಲೆಕ್ಕ ಎಲ್ಲರಿಗೂ ಗೊತ್ತು. ಹುಟ್ಟದೇ ಹೋದವರ ಲೆಕ್ಕ ಗೊತ್ತಿರುವವರು ಕಡಿಮೆ. ದುರಂತ ಆಗಿ ಒಂಬತ್ತು ತಿಂಗಳಿಗೆ ಸಂಶೋಧಕರು ಕಾರ್ಖಾನೆಯ ಹತ್ತಿರದ 3,270 ಮನೆಗಳಿಗೆ ಹೋಗಿ ಕೇಳಿದರು. ಆ ರಾತ್ರಿ ಬಸುರಿಯರಾಗಿದ್ದವರು 865 ಹೆಂಗಸರು. ಅವರಲ್ಲಿ ನೂರಕ್ಕೆ 43 ಮಂದಿಗೆ ಜೀವಂತ ಮಗು ಹುಟ್ಟಲೇ ಇಲ್ಲ. ಬದುಕಿ ಹುಟ್ಟಿದ 486 ಮಕ್ಕಳಲ್ಲಿ ನೂರಕ್ಕೆ 14 ಮಕ್ಕಳು ಒಂದು ತಿಂಗಳೊಳಗೆ ಸತ್ತವು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಹಾಗೆ ಸಾಯುತ್ತಿದ್ದುದು ನೂರಕ್ಕೆ ಮೂರರಷ್ಟು.

ಇಷ್ಟು ಗೊತ್ತಾಗಿದ್ದೇ ಯಾರೋ ಮನೆ ಮನೆಗೆ ಹೋಗಿ ಬರೆದುಕೊಂಡಿದ್ದರಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಭೋಪಾಲ್‌ನಲ್ಲಿ ದೊಡ್ಡ ಅಧ್ಯಯನ ಶುರು ಮಾಡಿತ್ತು. ಆದರೆ 1994ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಗ್ಯಾಸ್ ಸೋರಿದಾಗ ಹೊಟ್ಟೆಯಲ್ಲಿದ್ದ ಮಕ್ಕಳಿಗೆ ಆಗ ಒಂಬತ್ತು ವರ್ಷ. ಅವರ ನಿಜವಾದ ತೊಂದರೆ ಶುರುವಾಗುವ ವಯಸ್ಸು ಅದು, ಶಾಲೆ, ಓದು, ಮೈ ಬೆಳವಣಿಗೆ. 2023ರಲ್ಲಿ ಅಮೆರಿಕದ ಸಂಶೋಧಕರು ಹಳೆಯ ಸಮೀಕ್ಷೆಗಳನ್ನು ಹಿಡಿದು ಲೆಕ್ಕ ಹಾಕಿದಾಗ, 1985ರಲ್ಲಿ ಭೋಪಾಲ್ ಸುತ್ತ ಹುಟ್ಟಿದ ಗಂಡಸರಲ್ಲಿ ಕ್ಯಾನ್ಸರ್ ಜಾಸ್ತಿ, ದುಡಿಯಲು ಅಡ್ಡಿಯಾಗುವ ಅಂಗವೈಕಲ್ಯ ಜಾಸ್ತಿ, ಓದು ಕಡಿಮೆ ಎಂದು ಕಂಡುಬಂತು. ಸುಮಾರು 40 ವರ್ಷ ಆದ ಮೇಲೆ! ಅಲ್ಲಿಯವರೆಗೆ ಅವರಿಗೆ ಯಾರಾದರೂ "ನಿಮಗೂ ಗ್ಯಾಸಿಗೂ ಏನು ಸಂಬಂಧ, ಆಗ ನೀವು ಹುಟ್ಟೇ ಇರಲಿಲ್ಲ" ಎಂದರೆ ತೋರಿಸಲು ಏನೂ ಇರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಆ ದಿನ ನೀವು ಇದ್ದಿರಿ ಎಂದು ತೋರಿಸಬೇಕು. ಹೊಟ್ಟೆಯಲ್ಲಿದ್ದ ಮಗು ಅದನ್ನು ಹೇಗೆ ತೋರಿಸುತ್ತದೆ? ಅದರ ತಾಯಿಯ ಹೆಸರು ಎಲ್ಲೋ ಬರೆದಿದ್ದರೆ ಮಾತ್ರ ಸಾಧ್ಯ.

ಜಪಾನಿನ ಮಿನಮಾಟಾದ ಕಥೆ ನನ್ನನ್ನು ಯಾವಾಗಲೂ ಕಾಡುತ್ತದೆ. ಅಲ್ಲಿ ಒಂದು ಕಾರ್ಖಾನೆ ವರ್ಷಗಟ್ಟಲೆ ಪಾದರಸವನ್ನು ಸಮುದ್ರಕ್ಕೆ ಬಿಟ್ಟಿತು. ಮೀನು ತಿಂದವರ ಕೈಕಾಲು ನಡುಗತೊಡಗಿತು. 1956ರಲ್ಲಿ ಅದನ್ನು ಕಾಯಿಲೆ ಎಂದು ಗುರುತಿಸಿದರು. ಅದೇ ಊರಲ್ಲಿ ಹುಟ್ಟಿನಿಂದಲೇ ಕೈಕಾಲು ಸ್ವಾಧೀನ ಇಲ್ಲದ ಮಕ್ಕಳಿದ್ದರು. ಅವರ ತಾಯಂದಿರು ಮೇಲ್ನೋಟಕ್ಕೆ ಆರೋಗ್ಯವಾಗಿದ್ದರು. ಹಾಗಾಗಿ ಮಕ್ಕಳದ್ದು ಬೇರೆ ಕಾಯಿಲೆ ಎಂದೇ ಡಾಕ್ಟರುಗಳು ಹೇಳುತ್ತಿದ್ದರು. ತಾಯಿಯ ಒಳಗಿಂದ ವಿಷ ಮಗುವಿಗೆ ಹೋಗುತ್ತದೆ ಎಂದು ಆಗ ಯಾರೂ ನಂಬಿರಲಿಲ್ಲ. ಜಪಾನಿನಲ್ಲಿ ಒಂದು ಪದ್ಧತಿ ಇದೆ, ಮಗುವಿನ ಹೊಕ್ಕಳ ಬಳ್ಳಿಯನ್ನು ಒಣಗಿಸಿ ಸಣ್ಣ ಪೆಟ್ಟಿಗೆಯಲ್ಲಿ ತೆಗೆದಿಡುತ್ತಾರೆ. ಡಾಕ್ಟರ್ ಮಸಾಜುಮಿ ಹರಾಡಾ ಅವರು ಆ ಒಣಗಿದ ಬಳ್ಳಿಗಳನ್ನು ಮನೆಗಳಿಂದ ಕೇಳಿ ತಂದು ಪರೀಕ್ಷೆ ಮಾಡಿಸಿದರು. ಪಾದರಸ ಸಿಕ್ಕಿತು. ಯಾವುದೋ ಅಜ್ಜಿ ಪ್ರೀತಿಯಿಂದ ಎತ್ತಿಟ್ಟಿದ್ದು ಮಗುವಿನ ಪರವಾಗಿ ಸಾಕ್ಷಿ ಹೇಳಿತು. ನಮ್ಮಲ್ಲಿ ಅಂಥ ಸಾಕ್ಷಿ ಉಳಿಯಬೇಕಾದರೆ ಆಸ್ಪತ್ರೆಯೇ ಉಳಿಸಬೇಕು. ಅದಕ್ಕೇ ನಾನು ಕೇಳುವುದು, ಸೋರಿಕೆ ಆದ ಮೊದಲ ದಿನವೇ ಬಸುರಿಯ ರಕ್ತ, ಮೂತ್ರದ ಸ್ಯಾಂಪಲ್ ತೆಗೆದಿಡಿ, ಹೆರಿಗೆ ಹೊತ್ತಿಗೆ ಬಳ್ಳಿಯ ರಕ್ತ ತೆಗೆದಿಡಿ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ದೊಡ್ಡ ಜಿಲ್ಲಾ ಆಸ್ಪತ್ರೆ ಇದೆ. ಸ್ಯಾಂಪಲ್ ಇಡಲು ಜಾಗ ಇಲ್ಲ ಎನ್ನುವ ಊರಲ್ಲ ಇದು.

ಎಲ್ಲ ಸೋರಿಕೆಯೂ ಮಕ್ಕಳನ್ನು ಕೆಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ತಪ್ಪೇ. ಇಟಲಿಯ ಸೆವೆಸೊದಲ್ಲಿ 1976ರ ಜುಲೈ 10ರಂದು ಡಯಾಕ್ಸಿನ್ ಎಂಬ ಭಾರೀ ವಿಷ ಊರ ಮೇಲೆ ಬಿತ್ತು. ಬಸುರಿಯರೆಲ್ಲ ನಡುಗಿಹೋದರು. ಹಲವರು ಗರ್ಭ ತೆಗೆಸಿಕೊಂಡರು. ಆ ಗರ್ಭಗಳನ್ನು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ದೋಷ ಕಾಣಲಿಲ್ಲ. ಆಮೇಲೆ ಅಲ್ಲಿ ಹುಟ್ಟಿದ ಮಕ್ಕಳಲ್ಲೂ ಹುಟ್ಟು ದೋಷ ಜಾಸ್ತಿಯಾದದ್ದು ಕಂಡುಬರಲಿಲ್ಲ. ಆದರೆ ತುಂಬಾ ವಿಷ ತಾಗಿದ್ದ ಜಾಗದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆಯೇ ಕಡಿಮೆ ಇದ್ದುದರಿಂದ ಖಡಾಖಂಡಿತ ಹೇಳಲು ಆಗಲಿಲ್ಲ. ಅವರು ಬಿಡದೆ ವರ್ಷಗಟ್ಟಲೆ ಹಿಂದೆ ಬಿದ್ದು ನೋಡಿದ್ದಕ್ಕೆ ಇನ್ನೊಂದು ವಿಷಯ ಸಿಕ್ಕಿತು. ಜಾಸ್ತಿ ಡಯಾಕ್ಸಿನ್ ತಾಗಿದ್ದ ಅಪ್ಪಂದಿರಿಗೆ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟಿದ್ದರು. ಬರೆದಿಟ್ಟರೆ ಭಯಕ್ಕೂ ಉತ್ತರ ಸಿಗುತ್ತದೆ, ಅನುಮಾನಕ್ಕೂ ಉತ್ತರ ಸಿಗುತ್ತದೆ.

ನಮ್ಮಲ್ಲಿ ಬರೆದಿಡದೆ ಹೋದರೆ ಏನಾಗುತ್ತದೆ ಗೊತ್ತಾ? ತಪ್ಪು ತಾಯಿಯ ತಲೆಗೆ ಬರುತ್ತದೆ. ತುಟಿ ಸೀಳಿದ ಮಗು ಹುಟ್ಟಿದರೆ "ಗ್ರಹಣದಲ್ಲಿ ಹೊರಗೆ ಬಂದಿದ್ದಳು" ಎನ್ನುತ್ತಾರೆ. ಬೆನ್ನಲ್ಲಿ ಗಂಟಿರುವ ಮಗು ಹುಟ್ಟಿದರೆ ಅವಳ ತವರಿನವರ ರಕ್ತ ಸರಿ ಇಲ್ಲ ಎನ್ನುತ್ತಾರೆ. ಎರಡನೇ ಮದುವೆಯ ಮಾತು ತೆಗೆಯುವ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಥ ಮನೆಯಲ್ಲಿ ಪಕ್ಕದ ಫ್ಯಾಕ್ಟರಿಯಲ್ಲಿ ಅಂದು ಏನಾಗಿತ್ತು ಎಂದು ಯಾರು ಕೇಳುತ್ತಾರೆ?

ಲೆಕ್ಕ ಸರಿಯಾಗಿರಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಯಾವ ಗ್ಯಾಸೂ ಸೋರದ ಊರಲ್ಲೂ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ದೊಡ್ಡ ಹುಟ್ಟು ದೋಷ ಇರುತ್ತದೆ. ನಮ್ಮ ಕಡೆ ಸೋದರಮಾವ, ಅತ್ತೆ ಮಗ ಎಂದು ಸಂಬಂಧದಲ್ಲೇ ಮದುವೆ ಜಾಸ್ತಿ, ಅದರಿಂದಲೂ ಕೆಲವು ದೋಷ ಬರುತ್ತವೆ. ಫೋಲಿಕ್ ಆಸಿಡ್ ಸಾಲದೆಯೂ ಬರುತ್ತವೆ. ಹಾಗಾಗಿ ಸೋರಿಕೆ ಆದ ಊರಲ್ಲಿ 40 ಬಸುರಿಯರಿದ್ದು ಒಂದು ಮಗುವಿಗೆ ತೊಂದರೆ ಆದರೆ, ಅದು ಗ್ಯಾಸಿನಿಂದಲೇ ಎಂದು ಹೇಳಲು ಬರುವುದಿಲ್ಲ, ಗ್ಯಾಸಿನಿಂದ ಅಲ್ಲ ಎಂದೂ ಹೇಳಲು ಬರುವುದಿಲ್ಲ. ಗ್ಯಾಸ್ ತಾಗದ ಪಕ್ಕದ ಊರಿನ ಲೆಕ್ಕ ಬೇಕು, ಅದೇ ಊರಿನ ಹಿಂದಿನ ಮೂರ್ನಾಲ್ಕು ವರ್ಷದ ಲೆಕ್ಕ ಬೇಕು. ಆಗ ಹೋಲಿಸಿ ನೋಡಬಹುದು. ಇದು ಕಾರ್ಖಾನೆಯವರಿಗೂ ಒಳ್ಳೆಯದೇ. ಸುಳ್ಳು ಆರೋಪ ಬಂದರೆ ಅವರಿಗೂ ತೋರಿಸಲು ಏನಾದರೂ ಇರುತ್ತದೆ.

ನಮ್ಮ ರಾಜ್ಯದಲ್ಲೇ ಇದರ ಪಾಠ ಇದೆ. ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅದು ಅಪಘಾತ ಅಲ್ಲ, ಗೊತ್ತಿದ್ದೇ ಮಾಡಿದ ಸಿಂಪಡಣೆ. ಎಷ್ಟೋ ವರ್ಷ ಆದ ಮೇಲೆ, ಜನ ಬೀದಿಗಿಳಿದ ಮೇಲೆ, ಕೋರ್ಟು ಮಧ್ಯೆ ಬಂದ ಮೇಲೆ ಸರ್ಕಾರ ಸಮೀಕ್ಷೆ ಮಾಡಿಸಿ ಬಾಧಿತರಿಗೆ ಮಾಸಾಶನ ಕೊಡಲು ಶುರು ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು. ಸಿಂಪಡಿಸಿದ ದಿನಗಳಲ್ಲೇ ಯಾರು ಬಸುರಿ, ಎಷ್ಟು ತಿಂಗಳು ಎಂದು ಬರೆದಿಟ್ಟಿದ್ದರೆ, ಆ ತಾಯಂದಿರು ಅಷ್ಟು ವರ್ಷ ಮಗುವನ್ನು ಎತ್ತಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತಾ?

ಇಷ್ಟೆಲ್ಲ ಹೇಳಿ ನಾನು ದೊಡ್ಡ ಖರ್ಚಿನ ಯೋಜನೆ ಕೇಳುತ್ತಿಲ್ಲ. ಮುಕ್ಕಾಲು ಕೆಲಸ ಆಗಲೇ ನಡೆಯುತ್ತಿದೆ. ಪ್ರತಿ ಬಸುರಿಗೂ ಆರ್‌ಸಿಎಚ್ (ತಾಯಿ-ಮಗುವಿನ ಆರೋಗ್ಯ ದಾಖಲೆಯ) ನಂಬರ್ ಇದೆ. ಯಾವ ಮನೆ, ಎಷ್ಟನೇ ತಿಂಗಳು, ಹೆರಿಗೆ ದಿನ ಯಾವಾಗ, ಎಲ್ಲ ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಇರುತ್ತದೆ. ಸೋರಿಕೆ ಆದ ದಿನ ಆ ಪ್ರದೇಶದ ಪಟ್ಟಿ ತೆಗೆದು, ಪ್ರತಿ ಹೆಸರಿನ ಮುಂದೆ ಅವಳು ಆ ಹೊತ್ತಲ್ಲಿ ಎಲ್ಲಿದ್ದಳು, ಏನು ತೊಂದರೆ ಆಯಿತು ಎಂದು ಬರೆದು, ವೈದ್ಯಾಧಿಕಾರಿ ಸಹಿ ಹಾಕಿದರೆ ಆಯಿತು. ಆ ಪಟ್ಟಿಯ ಒಂದು ಪ್ರತಿ ತಮ್ಮ ಕಚೇರಿಗೆ, ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ. ತಾಯಿ ಕಾರ್ಡಿನ ಮೇಲೆ ಒಂದು ಸೀಲು.

ಆದರೆ ಇಲ್ಲೇ ಆ ಪಟ್ಟಿ ಕೈ ತಪ್ಪುವ ಜಾಗಗಳೂ ಇವೆ. ಕಚೇರಿಯಲ್ಲಿ ಕೂತು ಆದೇಶ ಬರೆಯುವವರಿಗೆ ಅವು ಕಾಣುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಅಪಾಯ ಜಾಸ್ತಿ ಇರುವುದು ಮೊದಲ ಎರಡು ತಿಂಗಳಲ್ಲಿ. ಆಗ ಆ ಹೆಣ್ಣುಮಗಳ ಹೆಸರು ಬಸುರಿಯರ ರಿಜಿಸ್ಟರ್‌ನಲ್ಲಿ ಇರುವುದೇ ಇಲ್ಲ. ಎಷ್ಟೋ ಸಲ ಅವಳಿಗೇ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎನ್ನುವ ಮನೆಗಳಿವೆ. ಹಾಗಾಗಿ ಬಸುರಿಯರ ರಿಜಿಸ್ಟರ್ ಒಂದೇ ಸಾಲದು. ಆಶಾ ಹತ್ತಿರ ಅರ್ಹ ದಂಪತಿಗಳ, ಅಂದರೆ ಮಕ್ಕಳಾಗುವ ವಯಸ್ಸಿನ ಗಂಡ-ಹೆಂಡತಿಯರ, ರಿಜಿಸ್ಟರ್ ಇದೆ. ಅದನ್ನು ಹಿಡಿದು ಸೋರಿಕೆ ಆದ ಮೇಲೆ ಮೂರು ತಿಂಗಳು ಮನೆ ಮನೆಗೆ ಹೋಗಿ, ಯಾರಿಗೆ ಮುಟ್ಟು ನಿಂತಿದೆ, ಯಾರಿಗೆ ತಡವಾಗಿ ಬಂದು ಜಾಸ್ತಿ ಹೋಯಿತು ಎಂದು ಕೇಳಬೇಕು. "ಈ ಸಲ ಹದಿನೈದು ದಿನ ತಡ ಆಯ್ತು ಸಿಸ್ಟರ್, ಆಮೇಲೆ ಗಡ್ಡೆ ಗಡ್ಡೆ ಹೋಯ್ತು" ಎಂದು ಹೇಳುವವಳಿಗೆ ಎಷ್ಟೋ ಸಲ ಗರ್ಭವೇ ಹೋಗಿರುತ್ತದೆ. ಅದು ಯಾವ ಆಸ್ಪತ್ರೆಯ ಲೆಕ್ಕದಲ್ಲೂ ಬರುವುದಿಲ್ಲ. ಈ ಮಾತು ಬಿಳಿ ಕೋಟು ಹಾಕಿಕೊಂಡು ಹೋದವರಿಗೆ ಹೇಳುವುದಿಲ್ಲ. ಗುರುತಿನ ಆಶಾಗೆ, ಅಡುಗೆ ಮನೆಯಲ್ಲಿ ನಿಂತು ಹೇಳುತ್ತಾರೆ.

ಇನ್ನೊಂದು, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹುಡುಗಿ ರಾಣೆಬೆನ್ನೂರಿಗೋ, ಹೊಸದುರ್ಗಕ್ಕೋ, ಹಗರಿಬೊಮ್ಮನಹಳ್ಳಿಗೋ ಹೋಗುತ್ತಾಳೆ. ಮಗು ಅಲ್ಲೇ ಹುಟ್ಟುತ್ತದೆ. ಗ್ಯಾಸ್ ಸೋರಿದ್ದು ಇಲ್ಲಿ, ಮಗು ಹುಟ್ಟಿದ್ದು ಅಲ್ಲಿ. ಅಲ್ಲಿನ ಡಾಕ್ಟರಿಗೆ ಇಲ್ಲಿನ ಸುದ್ದಿ ಗೊತ್ತಿರುವುದಿಲ್ಲ. ಕಾರ್ಡಿನ ಮೇಲೆ ಸೀಲು ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಬಾಡಿಗೆ ಮನೆಯ ಕೂಲಿಕಾರರು, ಉತ್ತರ ಭಾರತದಿಂದ ಬಂದು ಫ್ಯಾಕ್ಟರಿ ಶೆಡ್‌ಗಳಲ್ಲೇ ಇರುವ ಕುಟುಂಬಗಳು, ಇವರಂತೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಸೋರಿಕೆ ಆದಾಗ ಮೊದಲು ಗ್ಯಾಸ್ ಕುಡಿಯುವವರು ಅವರೇ.

ಈ ಕೆಲಸವನ್ನು ಆಶಾಗಳ ಮೇಲೆ ಸುಮ್ನೆ ಹೇರಬೇಡಿ. ಈಗಲೇ ಅವರ ಮೇಲೆ ಹತ್ತಾರು ಸಮೀಕ್ಷೆಗಳ ಭಾರ ಇದೆ. ಇದಕ್ಕೆ ಪ್ರತ್ಯೇಕ ಗೌರವಧನ ಕೊಡಿ. ಅವರನ್ನೇ ಮೊದಲು ಸೋರಿಕೆಯ ಜಾಗಕ್ಕೆ ಓಡಿಸಲೂಬೇಡಿ. ಅವರಲ್ಲೂ ಬಸುರಿಯರಿರುತ್ತಾರೆ.

ಪಟ್ಟಿಯಲ್ಲಿರುವ ಪ್ರತಿ ಬಸುರಿಗೂ 18ರಿಂದ 20 ವಾರದ ನಡುವೆ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗದೋಷ ನೋಡುವ ಸ್ಕ್ಯಾನ್) ಉಚಿತವಾಗಿ ಆಗಬೇಕು. ಈಗ ಹಳ್ಳಿ ಹೆಂಗಸರು ಇದಕ್ಕೆ ಖಾಸಗಿ ಸ್ಕ್ಯಾನ್ ಸೆಂಟರ್‌ಗೆ ದುಡ್ಡು ಸುರಿಯುತ್ತಾರೆ, ಇಲ್ಲವೇ ಮಾಡಿಸುವುದೇ ಇಲ್ಲ. ಹುಟ್ಟಿದ ಮಗುವನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನೋಡಬೇಕು. ಹುಟ್ಟು ದೋಷ ಹುಡುಕುವುದಕ್ಕೂ ಎಂದು 2013ರಲ್ಲಿ ಬಂದ ಕಾರ್ಯಕ್ರಮ ಅದು. ಒಂದು ಸಲ ನೋಡಿ ಬಿಡುವುದಲ್ಲ. ಕಿವಿ ಕೇಳುತ್ತಾ, ಮಾತು ಬಂತಾ, ನಡೆಯುತ್ತಾ, ಶಾಲೆಯಲ್ಲಿ ಹೇಗಿದೆ, ಕನಿಷ್ಠ ಆರು ವರ್ಷ ನೋಡಬೇಕು.

ಹಾಗೇ, ಗರ್ಭ ತೆಗೆಸುವ ಮಾತು. 2021ರ ತಿದ್ದುಪಡಿ ಆದ ಮೇಲೆ, ಮಗುವಿಗೆ ಗಂಭೀರ ದೋಷ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರ ದಾಟಿದರೂ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಅಂದರೆ ಸ್ಕ್ಯಾನ್ ಮಾಡಿ, ತಿಳಿದುಕೊಂಡು ನಿರ್ಧಾರ ಮಾಡಲು ಸಮಯ ಇದೆ. ಸೋರಿಕೆ ಆದ ವಾರವೇ ಹೆದರಿಕೊಂಡು ಮಾತ್ರೆ ನುಂಗುವ ಅಗತ್ಯ ಇಲ್ಲ. ಬೇಕೋ ಬೇಡವೋ ಎನ್ನುವುದು ಆ ಹೆಣ್ಣುಮಗಳ ನಿರ್ಧಾರ, ಅತ್ತೆಯದ್ದೂ ಅಲ್ಲ, ಗಂಡನದ್ದೂ ಅಲ್ಲ. ಅವಳ ಜೊತೆ ಕೂತು, ಯಾವ ಗ್ಯಾಸು, ಎಷ್ಟು ಹೊತ್ತು, ಏನು ಆಗಬಹುದು, ಏನು ಆಗಲಾರದು ಎಂದು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬರು ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಅಂಥ ಒಬ್ಬರನ್ನು ಈಗಲೇ ಗೊತ್ತುಮಾಡಿ ಇಡಿ.

ಡಾಕ್ಟರಿಗೆ ಯಾವ ಗ್ಯಾಸು ಎಂದು ಗೊತ್ತಾಗಬೇಕಾದರೆ ಕಾರ್ಖಾನೆಯವರು ಹೇಳಬೇಕು. ಭೋಪಾಲ್‌ನಲ್ಲಿ ಆ ರಾತ್ರಿ ಆಸ್ಪತ್ರೆ ತುಂಬಿ ತುಳುಕುತ್ತಿದ್ದಾಗ ಡಾಕ್ಟರುಗಳಿಗೆ ಸರಿಯಾದ ಮಾಹಿತಿ ಸಿಗಲಿಲ್ಲ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿ 12 ಜನ ಸತ್ತಾಗ ಸೈರನ್ ಕೂಡ ಮೊಳಗಲಿಲ್ಲ. ಅಕ್ಕಪಕ್ಕದ ಜನರಿಗೆ ಅಪಾಯ ಏನು, ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ತಿಳಿಸಬೇಕು ಎಂದು 1989ರ ನಿಯಮದಲ್ಲೇ ಇದೆ. ಜನ ಕೇಳಿದರೆ ಬಿಕ್ಕಟ್ಟು ಸಮಿತಿ ಮಾಹಿತಿ ಕೊಡಬೇಕು ಎಂದು 1996ರ ನಿಯಮದಲ್ಲಿದೆ. ಹಾಗಾಗಿ ನಾನು ಈ ಪತ್ರದ ಮೂಲಕವೇ ಕೇಳುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲಿ, ಯಾವ ಅಪಾಯಕಾರಿ ರಾಸಾಯನಿಕ ಇದೆ ಎನ್ನುವುದನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿ, ನಗರಸಭೆ, ಪಿಎಚ್‌ಸಿ ಗೋಡೆಗಳಿಗೆ ಹಾಕಿಸಿ. ಹೆದ್ದಾರಿ ಪಕ್ಕದ ಆಸ್ಪತ್ರೆ ಮತ್ತು ಪೊಲೀಸ್ ಠಾಣೆಯವರಿಗೆ ಟ್ಯಾಂಕರ್ ಮೇಲೆ ಬರೆದಿರುವ ರಾಸಾಯನಿಕದ ನಂಬರ್ ನೋಡಿ ಒಳಗೆ ಏನಿದೆ ಎಂದು ಓದಲು ಕಲಿಸಿ.

ಕೊನೆಗೆ ನದಿಯ ವಿಷಯ. 1997ರಲ್ಲಿ ದಾವಣಗೆರೆ, ಹಾವೇರಿ ಎರಡೂ ಹೊಸ ಜಿಲ್ಲೆಗಳಾದವು. ಹರಿಹರ ತಮ್ಮ ಕಡೆ, ಕುಮಾರಪಟ್ಟಣ ಹಾವೇರಿ ಕಡೆ. ಮಧ್ಯೆ ತುಂಗಭದ್ರೆ ಒಂದೇ. ಗಾಳಿಗೆ, ನೀರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಆಚೆ ದಡದಲ್ಲಿ ಏನಾದರೂ ಆದರೆ ಈಚೆ ದಡದ ಆಶಾಗೆ ಯಾರು ಫೋನ್ ಮಾಡುತ್ತಾರೆ? ಈಚೆ ದಡದಲ್ಲಿ ಆದರೆ ಆಚೆಯವರಿಗೆ? ತಾವು ಮತ್ತು ಹಾವೇರಿ ಜಿಲ್ಲಾಧಿಕಾರಿಗಳು ಒಟ್ಟಿಗೆ ಕೂತು ಒಂದೇ ಯೋಜನೆ ಮಾಡಬೇಕು, ಒಂದೇ ಮಾಕ್ ಡ್ರಿಲ್ ಮಾಡಬೇಕು. ಆ ಡ್ರಿಲ್‌ನಲ್ಲಿ ಸ್ಟ್ರೆಚರ್ ಹೊತ್ತು ಓಡುವುದರ ಜೊತೆಗೆ, ಹತ್ತಿರದ ಪಿಎಚ್‌ಸಿಯಿಂದ ಬಸುರಿಯರ ಪಟ್ಟಿ ಎಷ್ಟು ಹೊತ್ತಲ್ಲಿ ಬರುತ್ತದೆ ಎಂದೂ ಗಡಿಯಾರ ಹಿಡಿದು ನೋಡಿ.

ಬಿಕ್ಕಟ್ಟು ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿ ಎಂದು ವಿನಂತಿ. ಸಭೆಗೆ ಹರಿಹರ ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆಯನ್ನು, ಒಬ್ಬ ಸಿಸ್ಟರನ್ನು ಕರೆಯಿರಿ. ಕರೆದರೆ ನಾನೂ ಬರುತ್ತೇನೆ. ಸಭೆಯಲ್ಲಿ ಏನು ತೀರ್ಮಾನ ಆಯಿತು ಎನ್ನುವುದರ ನಡಾವಳಿಯನ್ನು ಜನರಿಗೆ ಓದಲು ಸಿಗುವಂತೆ ಹರಿಹರ ತಾಲ್ಲೂಕು ಕಚೇರಿಯ ಬೋರ್ಡಿಗೆ ಹಾಕಿಸಿ. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ,
ಹರಿಹರ